ಡೀಸೆಲ್ ಎಂಜಿನ್ ಕೂರಿಸಿದ ಮಳೆಗಾಲ

ನನ್ನ ಮೊದಲ ಕೂಸು ಎತ್ತಿನಗಾಡಿಯಲ್ಲೇ ಹೋಯಿತು. ಯುದ್ಧದ ಕಾಲ. ಕೊಪ್ಪದ ಆಚೆಗಿರುವ ನಮ್ಮ ಹಳ್ಳಿಯಿಂದ ಮಂಡ್ಯದ ಆಸ್ಪತ್ರೆಗೆ ಹೊರಟಿದ್ದೆವು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ತನ್ನ ಕೈಲಾಗದು ಅಂತ ಸೂಲಗಿತ್ತಿ ಕೈಚೆಲ್ಲಿದ ಮೇಲೆ ನಮ್ಮತ್ತೆ ಗಾಡಿ ಕಟ್ಟಿಸಿದ್ದರು. ಊರು ಬಿಟ್ಟು ಸ್ವಲ್ಪ ದೂರದಲ್ಲಿ ಒಂದು ಹಳ್ಳ. ಮಳೆ ಬಂದರೆ ಅದರ ಎರಡೂ ದಡ ಕಲಸಿದ ಹಿಟ್ಟಿನ ಹಾಗೆ ಆಗುತ್ತಿತ್ತು. ಗಾಡಿಯ ಚಕ್ರ ಅಚ್ಚಿನವರೆಗೂ ಹೂತುಹೋಯಿತು. ಎತ್ತುಗಳು ಮಂಡಿಯೂರಿದವು. ಗದ್ದೆ ಕೆಲಸದವರು ಓಡಿಬಂದು ಚಕ್ರಕ್ಕೆ ಹೆಗಲು ಕೊಟ್ಟು ಗಾಡಿಯನ್ನು ಮೇಲೆತ್ತುವ ಹೊತ್ತಿಗೆ ನನ್ನೊಳಗೆ ಏನೂ ಅಲುಗಾಡುತ್ತಿರಲಿಲ್ಲ. ಮಂಡ್ಯದಲ್ಲಿ ಲೇಡಿ ಡಾಕ್ಟರು ಸತ್ತ ಕೂಸನ್ನು ತೆಗೆದು, ನನ್ನನ್ನು ಉಳಿಸಿದರು. "ನಿನ್ನ ಸೊಂಟದ ಮೂಳೆ ಇಕ್ಕಟ್ಟು. ಮುಂದಿನ ಸಲ ನೋವು ಬರೋದಕ್ಕೆ ಮೊದಲೇ ಇಲ್ಲಿಗೆ ಬಂದುಬಿಡಬೇಕು. ಮನೆಯಲ್ಲಿ ಹೆರೋಕೆ ಹೋದರೆ ನೀನೂ ಉಳಿಯಲ್ಲ" ಅಂದರು.

ಆಗ ನಮ್ಮ ಯಜಮಾನರು ಊರಲ್ಲಿರಲಿಲ್ಲ. ಅಸ್ಸಾಮಿನ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದರು. ಯುದ್ಧ ಮುಗಿಸಿಕೊಂಡು ಬಂದವರು ಆ ಹಳ್ಳದ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದರಂತೆ. ಆಮೇಲೆ ಒಂದು ದಿನ ಬೆಂಗಳೂರಿಗೆ ಹೋಗಿ, ಮಿಲಿಟರಿಯವರು ಬೇಡವೆಂದು ಮಾರುತ್ತಿದ್ದ ಹಳೇ ಲಾರಿಯೊಂದನ್ನು ತಂದರು. ಚಿಕ್ಕ ಲಾರಿ. ಮೋಟು ಮೂತಿ, ಹಿಂದೆ ಕ್ಯಾನ್ವಾಸು ಹೊದಿಸುವ ಕಂಬಿಗಳು. ಉಳಿದ ಲಾರಿಗಳಲ್ಲಿ ಹಿಂದಿನ ಎರಡೇ ಚಕ್ರ ಎಳೆಯುತ್ತವಂತೆ. ಇದರಲ್ಲಿ ನಾಲ್ಕೂ ಎಳೆಯುತ್ತಿದ್ದವು. ಮೊದಲನೆಯ ದಿನವೇ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹಳ್ಳದ ಕೆಸರಲ್ಲಿ ಇಳಿಸಿ ಆಚೆ ದಡಕ್ಕೆ ಹತ್ತಿಸಿದರು. ಅತ್ತೆ ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ನಾನು ಮುಚ್ಚಿರಲಿಲ್ಲ.

ಆ ಲಾರಿಯಲ್ಲಿ ಬೆಲ್ಲ, ಭತ್ತ ಹೇರಿಕೊಂಡು ಮದ್ದೂರು, ಮಂಡ್ಯಕ್ಕೆ ಓಡಾಡಿದರು. ಪೆಟ್ರೋಲು ಕೂಪನ್ನಿಗಷ್ಟೇ ಸಿಗುತ್ತಿದ್ದ ದಿನಗಳು. ಬಸ್ಸುಗಳೇ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಲ್ಲಿ ಓಡುತ್ತಾ ಏದುಸಿರು ಬಿಡುತ್ತಿದ್ದವು. ಹೇಗೋ ನಡೆಯುತ್ತಿತ್ತು. ನಾನು ಮತ್ತೆ ಬಸುರಿಯಾದೆ. ನನಗೆ ತಾಯಿಯಿಲ್ಲ, ತವರಿಗೆ ಹೋಗುವ ಮಾತಿರಲಿಲ್ಲ. ಒಂಬತ್ತಕ್ಕೆ ಬೀಳುತ್ತಿದ್ದ ಹಾಗೆ ಮಂಡ್ಯಕ್ಕೆ ಕರೆದುಕೊಂಡು ಹೋಗಿ, ಒಂದು ಕೋಣೆ ಹಿಡಿದು, ಅತ್ತೆಯನ್ನು ನನ್ನ ಜೊತೆ ಬಿಡುವುದು ಅಂತ ತೀರ್ಮಾನವಾಗಿತ್ತು.

ಬಿಸಿಲು ಕಾಲ ಮುಗಿಯುವ ಮೊದಲೇ ಎಂಜಿನ್ ಹೋಯಿತು. ಮಳವಳ್ಳಿಯಿಂದ ಬರುವಾಗ ನೀರು ಬತ್ತಿ ಎಂಜಿನ್ ಕಾದು ಕೆಂಡವಾಗಿತ್ತಂತೆ. ಇವರು ಆತುರಕ್ಕೆ ಕೆರೆಯ ತಣ್ಣೀರು ಸುರಿದರು. ಎಂಜಿನ್ನಿನ ಎರಕದ ಕಬ್ಬಿಣ ಉದ್ದಕ್ಕೂ ಸೀಳಿಹೋಯಿತು. ಅಂಥ ಎಂಜಿನ್ ಇನ್ನೊಂದು ಬೆಂಗಳೂರಲ್ಲೂ ಸಿಗಲಿಲ್ಲ. ಲಾರಿಯನ್ನು ಎತ್ತುಗಳಿಂದ ಎಳೆಸಿಕೊಂಡು ತಂದು ಅಂಗಳದ ಹುಣಸೆಮರದ ಕೆಳಗೆ ನಿಲ್ಲಿಸಿದರು. ಆಗ ನನಗೆ ನಾಲ್ಕು ತಿಂಗಳು.

ಮಳವಳ್ಳಿಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಮಿಲಿಟರಿಯಲ್ಲಿ ಇವರ ಜೊತೆಗೇ ಲಾರಿ ರಿಪೇರಿ ಮಾಡಿದವನು. ಅವನೇ ದಾರಿ ತೋರಿಸಿದ. ಅಲ್ಲಿಯ ಒಂದು ಅಕ್ಕಿ ಗಿರಣಿಗೆ ಹೊಸದಾಗಿ ಕರೆಂಟು ಬಂದು, ಅದುವರೆಗೆ ಗಿರಣಿ ತಿರುಗಿಸುತ್ತಿದ್ದ ಡೀಸೆಲ್ ಎಂಜಿನ್ ಮೂಲೆ ಸೇರಿತ್ತು. ಅದೂ ಲಾರಿಗೆ ಹಾಕುವ ಜಾತಿಯದೇ. ಕೂಪನ್ನಿನ ಕಾಟವೂ ತಪ್ಪುತ್ತದೆ ಅಂದ. ಗಿರಣಿಯವನಿಗೆ ನಮ್ಮ ಜೋಡೆತ್ತಿನ ಮೇಲೆ ಕಣ್ಣಿತ್ತು. ಇವರು ಎತ್ತುಗಳನ್ನೇ ಕೊಟ್ಟು ಎಂಜಿನ್ ತಂದರು.

ಅತ್ತೆ ಅವತ್ತು ಊಟ ಮಾಡಲಿಲ್ಲ. "ಓಡ್ದೇ ಇರೋ ಲಾರಿಗೆ ನಡಿಯೋ ಎತ್ತ ಕೊಟ್ಟಲ್ಲೋ! ಗಾಡಿ ಅದೆ, ಎತ್ತಿಲ್ಲ. ಲಾರಿ ಅದೆ, ಎಂಜಿನ್ನಿಲ್ಲ. ನಾಳಿಕೆ ಇವಳ್ನ ನನ್ ತಲೆ ಮ್ಯಾಲೆ ಒತ್ಕೊಂಡು ಓಗ್ಲಾ?" ಅಂದರು.

"ಎತ್ತು ಹೋದ್ಸಲ ಎಳೆದಿದ್ದು ಸಾಲ್ದಾ ಅವ್ವ?" ಅಂದರು ಇವರು.

ಆ ಮಾತಿಗೆ ಅತ್ತೆ ಒಳಗೆ ಎದ್ದು ಹೋದರು. ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ. ಇಬ್ಬರ ಮಾತೂ ನಿಜವಾಗಿತ್ತು. ಅದರಿಂದಲೇ ನನಗೆ ಭಯ ಹೆಚ್ಚಾಯಿತು.

ಹುಣಸೆಮರದ ದಪ್ಪ ಕೊಂಬೆಗೆ ಸರಪಳಿ ರಾಟೆ ಕಟ್ಟಿ, ಒಡೆದ ಎಂಜಿನ್ ಎತ್ತಿ ಹಾಕಿ, ಹೊಸದನ್ನು ಇಳಿಸಿದರು. ಕೂರಲಿಲ್ಲ. ಅದು ಹಳೆಯದಕ್ಕಿಂತ ಒಂದು ಮೊಳ ಉದ್ದವಿತ್ತು. ಅದಕ್ಕಾಗಿ ಮುಂದಿನ ನೀರಿನ ರೇಡಿಯೇಟರನ್ನು ಕಿತ್ತು ಇನ್ನೂ ಮುಂದಕ್ಕೆ ತಳ್ಳಿ ಕೂರಿಸಿದರು. ಲಾರಿಯ ಮೂತಿ ಹಂದಿ ಮೂತಿಯಾಯಿತು. ಆಮೇಲೆ ಎಂಜಿನ್ನಿನ ತೂತುಗಳಿಗೂ ಗೇರುಪೆಟ್ಟಿಗೆಯ ತೂತುಗಳಿಗೂ ಹೊಂದಲಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಬಿಲ್ಲೆ ಮಾಡಿಸಲು ಮದ್ದೂರಿಗೆ ಹೋದರು. ಆ ಬಿಲ್ಲೆ ಕೂದಲೆಳೆಯಷ್ಟು ವಾರೆಯಾಗಿ ಬಂತು, ಮತ್ತೆ ಮಾಡಿಸಿದರು. ಎಂಜಿನ್ನಿನ ಭಾರಕ್ಕೆ ಮುಂದಿನ ಸ್ಪ್ರಿಂಗು ಪಟ್ಟಿಗಳು ಕುಸಿದು ಕೂತವು, ಅದಕ್ಕೆ ಬೇರೆ ಲಾರಿಯ ಪಟ್ಟಿ ಹುಡುಕಿ ತಂದರು. ನಾನು ಅಡುಗೆ ಮಾಡಿ ಹಾಕುತ್ತಾ, ಒಂದೊಂದು ತೊಂದರೆಯೂ ಇದೇ ಕೊನೆಯದು ಅಂತ ನಂಬುತ್ತಾ ಕಾಲ ಕಳೆದೆ. ನನ್ನ ಕಾಲುಗಳು ಬಾತುಕೊಂಡವು. ಉತ್ತರೆ ಮಳೆ ಹಿಡಿಯಿತು.

ಎಲ್ಲ ಸರಿಹೋಯಿತು ಅನ್ನುವಾಗ ದೊಡ್ಡ ತೊಡಕು ಬಂತು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಒಂದು ತೊಟ್ಟಿ ಇರುತ್ತದೆ, ಮೇಸ್ತ್ರಿ ಅದಕ್ಕೆ ಚೇಂಬರ್ ಅನ್ನುತ್ತಿದ್ದ. ಲಾರಿಯ ಮುಂದಿನ ಅಚ್ಚಿನ ನಡುವೆ, ಚಕ್ರಗಳನ್ನು ತಿರುಗಿಸುವ ಹಲ್ಲುಚಕ್ರಗಳ ಒಂದು ಗುಂಡು ಪೆಟ್ಟಿಗೆ ಇತ್ತು. ಎಂಜಿನ್ ಪೂರ್ತಿ ಕೂತಾಗ ಚೇಂಬರ್ ಆ ಪೆಟ್ಟಿಗೆಯ ಮೇಲೇ ಬಂದು ಕುಕ್ಕಿತು. ಎಂಜಿನ್ ಎತ್ತುವ ಹಾಗಿಲ್ಲ, ಅಚ್ಚು ಇಳಿಸುವ ಹಾಗಿಲ್ಲ.

ಮೇಸ್ತ್ರಿ ಲಾರಿಯ ಅಡಿಯಿಂದ ಹೊರಗೆ ಬಂದು ಬೀಡಿ ಹಚ್ಚಿದ. "ನೋಡ್ಲಾ, ಮುಂದ್ಲ ಶಾಫ್ಟೂ ಬ್ಯಾಡ, ಈ ಪೆಟ್ಗೇನೂ ಬ್ಯಾಡ. ಎಲ್ಲಾ ಕಿತ್ತಾಕಿ ಸಾದಾ ಅಚ್ಚು ಆಕ್ಬುಡಾನ. ಹಿಂದ್ಲ ಚಕ್ರ ಎರಡೇ ಎಳೀಲಿ. ಈ ವಾರ್ದಲ್ಲೇ ಓಡುಸ್ಬೌದು."

ಇವರು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡರು. ಬಹಳ ದಣಿದಿದ್ದರು. ಒಪ್ಪಿಕೊಂಡುಬಿಡುತ್ತಾರೆ ಅಂತ ನನಗೆ ಅನ್ನಿಸಿತು. ಅದುವರೆಗೆ ಗಂಡಸರ ಕೆಲಸದ ಮಾತಿಗೆ ನಾನು ಬಾಯಿ ಹಾಕಿರಲಿಲ್ಲ. ಅವತ್ತು ಜಗಲಿಯಿಂದ ಇಳಿದು ಬಂದೆ.

"ಮೇಸ್ತ್ರಿ, ಆ ಹಳ್ಳದಾಗೆ ಕೂಸ್ನ ಒಟ್ಟೇಲಿಟ್ಕೊಂಡು ಬಿದ್ದಿದ್ದೋಳು ನಾನು. ನೀವಲ್ಲ. ಮುಂದ್ಲ ಚಕ್ರ ಎಳೀದಿದ್ರೆ ಈ ಲಾರಿನೂ ಅಲ್ಲೇ ಕೂರ್ತದೆ. ನಂಗೆ ನಾಕೂ ಚಕ್ರ ಬೇಕು."

ಮೇಸ್ತ್ರಿ ಬೀಡಿ ಆರಿಸಿದ. "ಆಯ್ತು ತಂಗ್ಯವ್ವ. ಚೇಂಬರ್ನೇ ಕುಯ್ಯಾನ. ಆದ್ರೆ ಒಂದ್ ಮಾತು. ಡೀಸೆಲ್ ಎಂಜಿನ್ ನಡುಕುಕ್ಕೆ ಆ ಬೆಸುಗೆ ನಿಲ್ತದೆ ಅಂತ ನಾನ್ ಆಣೆ ಮಾಡಾಕಿಲ್ಲ."

ಚೇಂಬರಿನ ಮುಂಭಾಗ ಕತ್ತರಿಸಿ, ಹಿಂಭಾಗವನ್ನು ಹೊಟ್ಟೆಯ ಹಾಗೆ ಉಬ್ಬಿಸಿ, ಮದ್ದೂರಿನ ಪಾತ್ರೆ ಕೆಲಸದವನ ಹತ್ತಿರ ಹಿತ್ತಾಳೆ ಬೆಸುಗೆ ಹಾಕಿಸಿದರು. ತಂದು ಎಣ್ಣೆ ತುಂಬಿದರೆ ಸೋರಿತು. ಮತ್ತೆ ಹೋದರು. ಮತ್ತೆ ಸೋರಿತು. ಹಗಲೆಲ್ಲ ಮಳೆ. ಹಳ್ಳದಲ್ಲಿ ನೀರು ಏರಿ ಕೊಪ್ಪದ ಕಡೆಯಿಂದ ಗಾಡಿಗಳೇ ಬರುವುದು ನಿಂತವು. ಒಂದು ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ಹೋದೆ. ಇವರು ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದರು. ಕೈಯಲ್ಲಿ ಸ್ಪ್ಯಾನರಿತ್ತು, ಕೆಲಸ ಮಾಡುತ್ತಿರಲಿಲ್ಲ. ಬೆನ್ನ ಕೆಳಗೆ ಮಳೆನೀರು ಹರಿಯುತ್ತಿತ್ತು. ಸುಮ್ಮನೆ ಮೇಲೆ ನೋಡುತ್ತಿದ್ದರು.

"ಮಜ್ಜಿಗೆ" ಅಂದೆ.

"ನನ್ ಕೈಲಿ ಆಗಾಕಿಲ್ಲ ಕಣಮ್ಮಿ" ಅಂದರು. "ಎತ್ತೂ ಹೋದೊ. ಇದೂ ಆಗ್ಲಿಲ್ಲ. ನಿನ್ನ ನಾನೇ ಸಾಯಿಸ್ತೀನಿ ಅನ್ಸ್ತದೆ."

ನನಗೆ ಬಗ್ಗಲು ಆಗುತ್ತಿರಲಿಲ್ಲ. ಕೆಸರಲ್ಲೇ ಕೂತು ಚೊಂಬನ್ನು ಲಾರಿಯ ಅಡಿಗೆ ತಳ್ಳಿದೆ. ನನಗೂ ಹಾಗೇ ಅನ್ನಿಸುತ್ತಿತ್ತು.

ಒಂಬತ್ತಕ್ಕೆ ಇನ್ನೂ ದಿನಗಳಿದ್ದವು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಹುರುಳಿ ಕೇರುತ್ತಾ ಕೂತಿದ್ದೆ. ಸೀರೆ ಒದ್ದೆಯಾಯಿತು. ಮೊದಲು ಮಳೆಯ ಎರಚಲು ಅಂದುಕೊಂಡೆ. ಆಮೇಲೆ ಸೊಂಟದಿಂದ ನೋವು ಎದ್ದಿತು. ಅತ್ತೆ ನನ್ನ ಮುಖ ನೋಡಿ ಮೊರ ಕಿತ್ತುಕೊಂಡು, ಅಂಗಳಕ್ಕೆ ಕೂಗಿದರು: "ಲೇ, ನೀರೊಡೀತು ಕಣ್ಲಾ!"

ಎಂಜಿನ್ ಕೂತಿತ್ತು, ಆದರೆ ಒಂದು ಸಲವೂ ಹೊತ್ತಿರಲಿಲ್ಲ. ಮೇಲಿನ ಮುಚ್ಚಳ ಹಾಕಿರಲಿಲ್ಲ. ಮೂರನೆಯ ಸಲದ ಬೆಸುಗೆಯನ್ನು ಹಿಂದಿನ ದಿನವಷ್ಟೇ ಬಿಗಿದಿದ್ದರು. ಬ್ಯಾಟರಿ ಆ ಎಂಜಿನ್ನನ್ನು ಒಂದು ಸುತ್ತೂ ತಿರುಗಿಸಲಿಲ್ಲ. ಇವರೂ ಮೇಸ್ತ್ರಿಯೂ ಸೇರಿ ಹ್ಯಾಂಡಲ್ ಹೊಡೆದರು, ಆಗಲಿಲ್ಲ. ಪೈಪಿನಲ್ಲಿ ಗಾಳಿ ಹಿಡಿದಿದೆ ಅಂತ ಮೇಸ್ತ್ರಿ ಒಂದೊಂದೇ ತಿರುಪು ಸಡಿಲಿಸಿ ಡೀಸೆಲ್ ಚಿಮ್ಮಿಸಿದ. ಅತ್ತೆ ನನ್ನನ್ನು ಲಾರಿಯ ಹಿಂಭಾಗದಲ್ಲಿ ಹಾಸಿದ ಹುಲ್ಲಿನ ಮೇಲೆ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದ ಮನೆಯ ಎತ್ತುಗಳನ್ನು ಲಾರಿಗೆ ಕಟ್ಟಿ ಎಳೆಸಿದರು. ಎಂಜಿನ್ ಒಂದು ಸಲ ಕೆಮ್ಮಿತು. ಆ ಸದ್ದಿಗೆ ಎತ್ತುಗಳು ಬೆದರಿ ಹಗ್ಗ ಕಿತ್ತುಕೊಂಡು ಓಡಿದವು.

ನಾನು ಕ್ಯಾನ್ವಾಸಿನ ಸಂದಿಯಿಂದ ನೋಡುತ್ತಿದ್ದೆ. ಇವರು ರಸ್ತೆಯ ನಡುವೆ ನಿಂತು ಬೀದಿಯ ಮನೆಮನೆಗೂ ಕೇಳುವ ಹಾಗೆ ಕೂಗಿದರು. "ಬನ್ರಪ್ಪೋ! ನನ್ನೆಂಡ್ತಿ ಸಾಯ್ತವ್ಳೆ, ಬನ್ನಿ!" ಅವರು ಹಾಗೆ ಕೂಗಿದ್ದನ್ನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಜನ ಬಂದರು. ಎತ್ತಿನಿಂದ ನೀರೆತ್ತುವ ಕಪಿಲೆ ಬಾವಿಯ ಹಗ್ಗ ತಂದು ಲಾರಿಗೆ ಕಟ್ಟಿದರು. ಗಂಡಸರು, ಹೆಂಗಸರು, ಬೇಸಾಯದವರು, ಮಡಿವಾಳರು, ಯಾರು ಯಾರ ಪಕ್ಕ ಹಗ್ಗ ಹಿಡಿದರು ಅಂತ ಯಾರೂ ನೋಡಲಿಲ್ಲ. ಊರಬಾಗಿಲ ಇಳಿಜಾರಿನಲ್ಲಿ ಲಾರಿ ವೇಗ ಹಿಡಿಯಿತು. ಇವರು ಗೇರಿಗೆ ಹಾಕಿದರು. ಲಾರಿ ಮುಗ್ಗರಿಸಿತು. ಕರೀ ಹೊಗೆ ಎದ್ದು ಹಿಂದಿದ್ದ ನಮ್ಮನ್ನೆಲ್ಲ ಮುಚ್ಚಿತು. ಆಮೇಲೆ ತಗಡು ಬಡಿದ ಹಾಗೆ ಸದ್ದು ಹಿಡಿಯಿತು, ನಿಲ್ಲಲಿಲ್ಲ.

ಮೇಸ್ತ್ರಿ ಎಣ್ಣೆ ಡಬ್ಬ ಹಿಡಿದು ಮುಂದಿನ ಮಡ್ಗಾರ್ಡಿನ ಮೇಲೆ ಹತ್ತಿ ಕೂತ. ಹಳ್ಳದ ದಡಕ್ಕೆ ಬಂದಾಗ ಇವರು ಒಂದು ಗಳಿಗೆ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಎಳೆತ ಕೊಡುವ ಸಣ್ಣ ಹಿಡಿಯನ್ನು ಎಳೆದರು. ಇಳಿದೆವು. ನೀರು ಹಲಗೆಯ ಸಂದಿಯಿಂದ ಒಳಗೆ ಬಂತು. ಅತ್ತೆ ದೇವರ ಹೆಸರು ಹೇಳುವುದನ್ನು ಬಿಟ್ಟು ಮಗನನ್ನು ಬೈಯುತ್ತಿದ್ದರು. ಆಚೆ ದಡದಲ್ಲಿ ಹಿಂದಿನ ಚಕ್ರಗಳು ಸುಮ್ಮನೆ ತಿರುಗಿ ಕೆಸರೆರಚಿದವು. ಲಾರಿ ಹಿಂದಕ್ಕೆ ಜಾರಿತು. ಆಗ ಮುಂದಿನ ಚಕ್ರಗಳು ಎಲ್ಲೋ ಒಂದು ಗಟ್ಟಿ ನೆಲ ಕಚ್ಚಿಕೊಂಡವು. ಮೂತಿ ಮೇಲಕ್ಕೆದ್ದಿತು. ನಾನು ಅತ್ತೆಯ ಕೈಯನ್ನು ಎಷ್ಟು ಜೋರಾಗಿ ಹಿಡಿದಿದ್ದೆನೆಂದರೆ ಆಮೇಲೆ ಕೈ ಬಾತು ಅವರಿಗೆ ಬಳೆ ತೆಗೆಯಲು ಆಗಲಿಲ್ಲ, ಒಡೆಯಬೇಕಾಯಿತು.

ಮದ್ದೂರು ದಾಟುವ ಮೊದಲೇ ಬೆಸುಗೆ ಬಿಟ್ಟಿತು. ಎಣ್ಣೆ ರಸ್ತೆಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಮೇಸ್ತ್ರಿ ಓಡುವ ಎಂಜಿನ್ನಿಗೇ ಎಣ್ಣೆ ಸುರಿಯುತ್ತಾ ಬಂದ. ಕಾದ ಎಣ್ಣೆ ಅವನ ಮುಖಕ್ಕೆ ಸಿಡಿಯುತ್ತಿತ್ತು. ಮಂಡ್ಯ ಬರುವವರೆಗೂ ಅವನು "ನಿಲ್ಲುಸ್ಬ್ಯಾಡ, ನಿಲ್ಲುಸ್ಬ್ಯಾಡ" ಅನ್ನುವುದೊಂದೇ ನನಗೆ ಕೇಳಿಸುತ್ತಿದ್ದದ್ದು.

ಆಸ್ಪತ್ರೆಯ ಅಂಗಳದಲ್ಲೂ ಇವರು ಎಂಜಿನ್ ಆರಿಸಲಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ, ಡಾಕ್ಟರು ಮೈಸೂರಿಗೆ ಕರೆದುಕೊಂಡು ಹೋಗಿ ಅಂದರೆ ಏನು ಗತಿ ಅಂತ. ಹೊಗೆ ಒಳಗೆ ಬರುತ್ತದೆ ಅಂತ ಕಾಂಪೌಂಡರು ಬಂದು ಬೈದರಂತೆ. ಇವರು ಕೈಮುಗಿದರಂತೆ. ಒಳಗೆ ನನಗೆ ಕಿಟಕಿಯಿಂದ ಆ ಬಡಿತ ಕೇಳುತ್ತಲೇ ಇತ್ತು. ಲೇಡಿ ಡಾಕ್ಟರು ಇಕ್ಕಳ ಹಾಕಿ ಎಳೆದರು. ಪ್ರಾಣ ಕಿತ್ತುಬಂದ ಹಾಗಾಯಿತು. ಕೂಸು ಅತ್ತಿತು. ಹೆಣ್ಣು. ಒಂದು ಕಡೆ ಹಣೆ ನೀಲಿಗಟ್ಟಿತ್ತು. ನರ್ಸು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತಿತು.

ನನಗೆ ಜ್ವರ ಬಂದು ಬಹಳ ದಿನ ಅಲ್ಲೇ ಇದ್ದೆ. ಇನ್ನು ಮಕ್ಕಳಾಗುವುದಿಲ್ಲ ಅಂತ ಡಾಕ್ಟರು ಹೇಳಿದರು. ಅತ್ತೆ ಕೂಸನ್ನು ಎತ್ತಿಕೊಂಡೇ ಇದ್ದರು.

ಎಣ್ಣೆಯಿಲ್ಲದೆ ಓಡಿ ಎಂಜಿನ್ನಿನ ಒಳಗೆ ಸವೆದದ್ದನ್ನೆಲ್ಲ ಮೇಸ್ತ್ರಿ ಮತ್ತೆ ಸರಿ ಮಾಡಿದ. ಈ ಸಲ ಆತುರವಿಲ್ಲದೆ ಚೇಂಬರನ್ನು ಹೊಸ ತಗಡಿನಿಂದಲೇ ಮಾಡಿಸಿದರು. ಲಾರಿ ಮತ್ತೆ ಬೆಲ್ಲ ಹೊತ್ತಿತು. ಮಳೆಗಾಲದಲ್ಲಿ ಅಕ್ಕಪಕ್ಕದ ಊರುಗಳವರು ಹೆರಿಗೆಯ ನೋವು ಎದ್ದರೆ ನಮ್ಮ ಬಾಗಿಲಿಗೇ ಬರುತ್ತಿದ್ದರು. 'ಎರಿಗೆ ಲಾರಿ' ಅಂತಲೇ ಅದಕ್ಕೆ ಹೆಸರು ಬಿತ್ತು. ಇವರಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ. ಆದರೂ ಯಾರು ಬಂದರೂ ಎದ್ದು ಹೋಗುತ್ತಿದ್ದರು.

ಮರುವರ್ಷದ ಮಳೆಯಲ್ಲಿ ಆತಗೂರಿನ ಕಡೆಯ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋದರು. ಚೊಚ್ಚಲು. ಸಂಜೆಗೆ ತಿರುಗಿ ಬಂದು ಲಾರಿಯನ್ನು ಮರದ ಕೆಳಗೆ ನಿಲ್ಲಿಸಿ, ಜಗಲಿಯ ಮೇಲೆ ಕೂತರು. ಹುಡುಗಿ ಉಳಿದಿಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಗಾಡಿ ಚೆನ್ನಾಗೇ ಓಡ್ತು ಕಣಮ್ಮಿ" ಅಂದರು. "ಎಲ್ಲೂ ನಿಲ್ಲಲಿಲ್ಲ."

ನಾನು ಕೈತೊಳೆಯಲು ನೀರು ಕೊಟ್ಟೆ. ಮಗಳು ತೆವಳಿಕೊಂಡು ಬಂದು ಅವರ ಎಣ್ಣೆ ಮೆತ್ತಿದ ಷರಾಯಿಯನ್ನು ಹಿಡಿದು ನಿಲ್ಲಲು ನೋಡುತ್ತಿದ್ದಳು. ಅವರು ಅವಳನ್ನು ಎತ್ತಿಕೊಳ್ಳಲಿಲ್ಲ, ಬಿಡಿಸಲೂ ಇಲ್ಲ. ಕತ್ತಲಾಗುವವರೆಗೂ ಹಾಗೇ ಕೂತಿದ್ದರು.