ಉಪಗ್ರಹ ಬೀಳುವ ದಿನ ನಮ್ಮ ಕುರಡಗಿ

ನಿಜ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದರು. ಯಾರ ಮುಂದೆ, ಯಾವಾಗ ಎಂಬುದನ್ನು ಕಲಿಸಲಿಲ್ಲ. ಅದರ ಫಲವಾಗಿ ಈ ಬೇಸಿಗೆಯಲ್ಲಿ ನನ್ನ ಗೋಧಿ ಹಾಳಾಗುವುದರಲ್ಲಿತ್ತು.

ಕುರಡಗಿ ಎಂಬ ಗೋಧಿ ಸಂಡಿಗೆ ಮಾಡಿದವರಿಗೆ ಗೊತ್ತು. ಗೋಧಿಯನ್ನು ಮೂರು ದಿನ ನೆನೆಸಿ, ರುಬ್ಬಿ, ಹಾಲು ತೆಗೆದು, ಕುದಿಸಿ, ಬಿಸಿ ಆರುವ ಮೊದಲೇ ಮಾಳಿಗೆಯ ಬಿಸಿಲಿನಲ್ಲಿ ಚಕ್ಕುಲಿ ಒರಳಿನಿಂದ ಒತ್ತಿ ಒಣಹಾಕಬೇಕು. ನಾಳೆ ಎಂಬ ಮಾತೇ ಇಲ್ಲ. ನಮ್ಮ ಶಹಾಪುರದ ಓಣಿಯಲ್ಲಿ ಇದಕ್ಕೆ ಹೆಂಗಸರೆಲ್ಲ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಾರೆ. ಅಂದು ನನ್ನ ಸರದಿ. ಹಿಟ್ಟು ಹದಕ್ಕೆ ಬಂದಿದೆ, ಹೆಂಗಸರೂ ಬಂದಿದ್ದಾರೆ. ಮಾಳಿಗೆ ಹತ್ತಲು ಮಾತ್ರ ಒಬ್ಬರೂ ತಯಾರಿಲ್ಲ. ಕೆಟ್ಟುಹೋದ ಉಪಗ್ರಹವೊಂದು ಇಂದು ಭೂಮಿಗೆ ಬೀಳುತ್ತದೆಂದು ಟಿವಿಯವರು ಬೆಳಗಿನಿಂದ ಬಾಯಿ ಬಡಿದುಕೊಳ್ಳುತ್ತಿದ್ದರು.

"ಅದು ಎಲ್ಲಿ ಬೀಳತೈತ್ರಿ ಅಕ್ಕೋರ?" ಎಂದಳು ಎದುರುಮನೆಯ ಶರಣಮ್ಮ. ನಾನು ಊರಿನ ಹುಡುಗಿಯರಿಗೆ ಸೈನ್ಸ್ ಕಲಿಸಿ ರಿಟೈರ್ ಆದವಳು, ಎಲ್ಲರಿಗೂ ಅಕ್ಕೋರು. ಆ ಗತ್ತಿನಲ್ಲೇ, "ಎಗ್ಜಾಕ್ಟ್ ಜಾಗ ಯಾರಿಗೂ ಗೊತ್ತಿಲ್ಲ" ಎಂದುಬಿಟ್ಟೆ.

"ಕೇಳಿದ್ರ್ಯಾ? ಅಕ್ಕೋರಿಗೇ ಗೊತ್ತಿಲ್ಲಂತ!" ಎಂದು ಶರಣಮ್ಮ ಉಳಿದವರತ್ತ ತಿರುಗಿದಳು.

ಬಹುಪಾಲು ಗಾಳಿಯಲ್ಲೇ ಉರಿದುಹೋಗುತ್ತದೆ ಎಂದೆ. ಹಾಗಾದರೆ ಬೀಳುವುದು ಬೆಂಕಿಯೇ ಎಂದರು. ಭೂಮಿಯ ಮೇಲೆ ಹೆಚ್ಚಿರುವುದು ಸಮುದ್ರ, ನಮ್ಮ ತಲೆಯ ಮೇಲೆ ಬೀಳುವ ಪ್ರಾಬಬಿಲಿಟಿ ತೀರಾ ಕಮ್ಮಿ ಎಂದೆ.

"ಕಮ್ಮಿ ಅಂದ್ರ ಐತಿ ಅಂತಾತಲ್ರಿ," ಎಂದಳು ಶರಣಮ್ಮ. ಕ್ಲಾಸಿನಲ್ಲಾಗಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದೆ. ಅಂದು ಹಲ್ಲು ಕಡಿದೆ.

ಇಂಥ ಉಪಗ್ರಹಗಳನ್ನು ಡಿಫಂಕ್ಟ್ ಎನ್ನುತ್ತಾರೆ, ಅಂದರೆ ಕೆಲಸಕ್ಕೆ ಬಾರದಾದದ್ದು. ನನ್ನ ವಯಸ್ಸಿನವರು ಜೋರಾಗಿ ಓದಬಾರದ ಶಬ್ದ. ಹುಡುಗಿಯಾಗಿದ್ದಾಗ ಹೈದರಾಬಾದಿನ ಹಾಸ್ಟೆಲಿನ ಅಂಗಳದಲ್ಲಿ ಸಿಸ್ಟರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಸಂಜೆಯ ಆಕಾಶದಲ್ಲಿ ಜಾರುತ್ತಿದ್ದ ಚುಕ್ಕೆಯೊಂದನ್ನು ತೋರಿಸಿದ್ದರು. ಸ್ಯಾಟಲೈಟ್! ನಾವು ಕೈಬೀಸಿದ್ದೆವು. ಅದಕ್ಕೂ ಮುಪ್ಪು ಬರುತ್ತದೆಂದು ಆಗ ಯಾರು ಅಂದುಕೊಂಡಿದ್ದರು? ಏರುವಾಗ ಊರೆಲ್ಲ ಚಪ್ಪಾಳೆ. ಬೀಳುವಾಗ ನನ್ನ ಮಾಳಿಗೆಯಲ್ಲಿ ಹರತಾಳ.

ಸಿಟ್ಟಿಗೆದ್ದು ಒಂದು ಬೋಗುಣಿ ಹಿಟ್ಟು ಹಿಡಿದು ಒಬ್ಬಳೇ ಮೇಲೆ ಹೋದೆ. ಒತ್ತಿದೆ. ಎಳೆ ಬರಲಿಲ್ಲ, ಹಾಸಿದ ಹಳೆ ಸೀರೆಯ ಮೇಲೆ ಮುದ್ದೆಮುದ್ದೆಯಾಗಿ ಬಿತ್ತು. ಮೆಟ್ಟಿಲಿನಿಂದ ಇಣುಕಿದ ಶರಣಮ್ಮನಿಗೆ ತಡೆಯಲಾಗಲಿಲ್ಲ.

"ಅಯ್ಯ ಯವ್ವಾ, ಅದೇನ್ ಕುರಡಗಿನೋ ಎಮ್ಮಿ ಸಗಣಿನೋ! ಅತ್ತಾಗ ಸರೀರಿ ಅಕ್ಕೋರ. ಏ, ಬರ್ರೆವ್ವಾ ಎಲ್ಲಾರೂ! ಬಿದ್ರ ಬೀಳವಲ್ದ್ಯಾಕ ಅದರ ಹೆಣ, ಇದನ್ನ ನೋಡಾಕ ಆಗವಲ್ದು."

ನನ್ನ ಫಿಸಿಕ್ಸ್ ಮಾಡದ್ದನ್ನು ನನ್ನ ಕೈಗುಣ ಮಾಡಿತು.

ಮಧ್ಯಾಹ್ನದ ಹೊತ್ತಿಗೆ ಸೀರೆ ತುಂಬ ಬಿಳಿ ಎಳೆಗಳು. ಫೋನು ನೋಡಿ, "ಬಿತ್ತಂತ, ಯಾವುದೋ ದೂರದ ಸಮುದ್ರದಾಗ. ನಾ ಹೇಳಿದ್ದಿಲ್ಲೇನು?" ಎಂದೆ, ಗೆದ್ದ ದನಿಯಲ್ಲಿ. ಎಲ್ಲರೂ ನಕ್ಕರು. ಶರಣಮ್ಮ ಮಾತ್ರ ಹಿಟ್ಟಿನ ಕೈ ಹಾಗೇ ಹಿಡಿದು ಕೇಳಿದಳು:

"ಅಲ್ಲಿ ಮೀನ ಹಿಡಿಯಾಕ ಹೋದವರು ಯಾರರ ಇದ್ರೇನ್ರಿ?"

ಅಷ್ಟು ಹೊತ್ತೂ ಸಮುದ್ರವೆಂದರೆ ನನಗೆ ಖಾಲಿ ಜಾಗವಾಗಿತ್ತು. ಕನ್ನಡಕ ಒರೆಸಿಕೊಂಡು ಆ ಸುದ್ದಿಯನ್ನು ಮೊದಲಿನಿಂದ ಓದತೊಡಗಿದೆ.