ಬೇಲಿಯೊಳಗೆ ಕಟ್ಟಿದ ಬಾಣಂತಿ ಕೋಣೆ

1978ರ ಜನವರಿಯಲ್ಲಿ ಶಿರಾ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ಶಿಕ್ಷಕನಾಗಿ ಸೇರಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯರ ಆರೈಕೆಗೆ ಯೋಜನೆಯೊಂದು ಸಿದ್ಧವಾಗುತ್ತಿತ್ತು. ಹಟ್ಟಿಯವರೊಡನೆ ಚರ್ಚಿಸಿಯೇ ತಯಾರಿಸಬೇಕೆಂದು ಮೇಲಿನಿಂದ ಸೂಚನೆಯಿತ್ತು. ಮದಲೂರು ಕಡೆಯ ಒಂದು ಹಟ್ಟಿಯಲ್ಲಿ ಸರಿಹೋದರೆ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೂ ಅದೇ ಮಾದರಿ.

ಹಟ್ಟಿಯ ಸುತ್ತ ಮುಳ್ಳುಬೇಲಿ, ಒಳಗೆ ದೇವರ ಗುಡಿ. ಹೆರಿಗೆಯ ಮೈಲಿಗೆ ದೇವರಿಗೆ ತಾಕಬಾರದೆಂದು ಬಾಣಂತಿ ಕೂಸಿನೊಂದಿಗೆ ಬೇಲಿಯಾಚೆ ಸೊಪ್ಪು ಹೊದಿಸಿದ ಗುಡ್ಲಿನಲ್ಲಿ ತಿಂಗಳುಗಟ್ಟಲೆ ಇರಬೇಕಿತ್ತು. ಮೊದಲ ಸಭೆ ಗುಡಿಯ ಮುಂದೆ ನಡೆಯಿತು. ಬಂದವರೆಲ್ಲ ಗಂಡಸರು. ಹೊರಡುವಾಗ ಸೂಲಗಿತ್ತಿ ಚಿತ್ತಜ್ಜಿ ನನ್ನನ್ನೂ ಕೇಂದ್ರದ ನರ್ಸನ್ನೂ ತಡೆದಳು.

“ಗಂಡಸ್ರನ್ನ ಕೇಳಿದ್ರಾ ಸಾಮಿ? ಅವ್ರೇನ್ ಗುಡ್ಲಾಗೆ ಮಲಗವ್ರಾ? ಒಂದು ಮಳೇಲಿ ಮಲಗ್ಲಿ, ಆಮ್ಯಾಕೆ ಬಾಯ್ ಬುಡ್ಲಿ!”

ಹೆಂಗಸರು ನಕ್ಕರು. ಮರುವಾರ ಬೇಲಿಯಾಚೆಯ ಹೊಂಗೆಮರದ ಕೆಳಗೆ ಅವರ ಜೊತೆ ಕುಳಿತೆವು. ಹಿಂದಿನ ಮಳೆಗಾಲದಲ್ಲಿ ಗುಡ್ಲಿನಲ್ಲೇ ಚೊಚ್ಚಲ ಕೂಸನ್ನು ಕಳೆದುಕೊಂಡಿದ್ದ ಕರಿಯಮ್ಮ ಹೇಳಿದ್ದು ಇಷ್ಟೇ: “ನೀರು ಒಳಕ್ಕೆ ಬರ್ದಂಗೆ ಮಾಡ್ಕೊಡಿ, ಸಾಕು.”

ಚಿತ್ತಜ್ಜಿ ಕಡ್ಡಿಯಿಂದ ನೆಲದ ಮೇಲೆ ಗೀಚಿದಳು. ಹೊಂಗೆಮರದ ಬಳಿಯೇ ಕಲ್ಲಿನ ಕೋಣೆ. ಬಾಗಿಲು ಗುಡಿಗೆ ಬೆನ್ನು ಮಾಡಿರಬೇಕು. ಮೈ ಕಾಯಿಸಿಕೊಳ್ಳಲು ಒಂದು ಒಲೆ. ಮುಟ್ಟದೆ ಅನ್ನ ಇಟ್ಟುಹೋಗಲು ಅಗಲವಾದ ತಗ್ಗು ಕಿಟಕಿ. ಹಟ್ಟಿಯ ಗೌಡರೂ ಒಪ್ಪಿದರು. ನರ್ಸ್ ಕೂಸನ್ನು ಮುಟ್ಟಿ, ಅದೇ ಸೀರೆಯಲ್ಲಿ ಹಟ್ಟಿಯೊಳಗೆ ಬಂದರೆ ತಕರಾರಿಲ್ಲ ಎಂದರು. ಅದು ಅವರ ಮಟ್ಟಿಗೆ ದೊಡ್ಡ ಮಾತು.

ಜಿಲ್ಲಾ ಕಚೇರಿಯ ಮೇಲಧಿಕಾರಿಯೊಬ್ಬರು, ಚಿತ್ತಜ್ಜಿ ಗೀಚಿದ್ದನ್ನು ನೋಡಿ ನಾನು ಬರೆದೊಯ್ದಿದ್ದ ನಕ್ಷೆಯನ್ನು ಪಕ್ಕಕ್ಕೆ ಸರಿಸಿದರು. “ಬೇಲಿಯಾಚೆ ಕಟ್ಟಿದರೆ ಸರ್ಕಾರವೇ ಮೈಲಿಗೆಗೆ ಮುದ್ರೆ ಒತ್ತಿದ ಹಾಗಲ್ಲವೇನ್ರೀ?”

ಅವರ ಮಾತನ್ನು ಸುಳ್ಳೆನ್ನಲು ನನ್ನಿಂದಾಗಲಿಲ್ಲ. ಆದರೂ ಹೇಳಿದೆ: “ಸಾರ್, ಒಳಗೆ ಕಟ್ಟಿದರೆ ಯಾರೂ ಬರುವುದಿಲ್ಲ.”

“ಕಟ್ಟಿದ ಮೇಲೆ ಬರ್ತಾರೆ ಬಿಡ್ರಿ.”

ಕೋಣೆ ಬೇಲಿಯೊಳಗೆ, ಗುಡಿಗೆ ಎದುರಾಗಿಯೇ ಎದ್ದಿತು. ಸಿಮೆಂಟಿನ ನೆಲ, ಮಂಗಳೂರು ಹೆಂಚು, ಎತ್ತರದ ಕಿಟಕಿ. ಒಲೆ ಇರಲಿಲ್ಲ. ಗೌಡರು ಒಮ್ಮೆ ನೋಡಿ, ಗುಡಿಯ ಬಾಗಿಲು ಮುಚ್ಚಿಕೊಂಡು ಹೋದರು.

1979ರ ಆಷಾಢದಲ್ಲಿ ಕರಿಯಮ್ಮನಿಗೆ ಮತ್ತೆ ದಿನ ತುಂಬಿತು. ಸುದ್ದಿ ತಿಳಿದು ನಾನೂ ನರ್ಸೂ ಜೀಪಿನಲ್ಲಿ ಹೋದೆವು. ಜಿಟಿಜಿಟಿ ಮಳೆ. ಗುಡ್ಲಿನ ಸೊಪ್ಪು ತೊಟ್ಟಿಕ್ಕುತ್ತಿತ್ತು. ಬೇಲಿಯೊಳಗಿನ ಕೋಣೆಯ ಹೊಸ ಹೆಂಚು ಅಲ್ಲಿಂದಲೇ ಕಾಣುತ್ತಿತ್ತು. ಹೊರಗೆ ನಿಂತೇ ಕರೆದೆ: “ಆ ಕೋಣೆಯೊಳಗೆ ನೆಲ ಒಣಗಿದೆ, ಬಾಮ್ಮ. ಗೌಡರ ಹತ್ತಿರ ನಾನು ಮಾತಾಡ್ತೀನಿ.”

ಕರಿಯಮ್ಮ ಗುಡ್ಲಿನೊಳಗಿನಿಂದಲೇ ಹೇಳಿದಳು: “ಅಲ್ಲಿ ಹೆತ್ರೆ, ನಾಳೆ ಹಟ್ಟಿಯಾಗೆ ಒಂದು ಕುರಿ ಸತ್ರೂ ನನ್ ತಲೆ ಮ್ಯಾಲೇ ಬತ್ತದೆ. ನೀವು ಜೀಪ್ ಹತ್ತಿ ಹೋಗ್ತೀರ. ನಾನಿಲ್ಲೇ ಬಾಳ್ಬೇಕಲ್ಲಾ ಸಾಮಿ.”

ಆಸ್ಪತ್ರೆಗೆ ಕರೆದರೂ ಬರಲಿಲ್ಲ. ಹೆಣ್ಣು ಕೂಸು ಹುಟ್ಟಿತು, ಚೆನ್ನಾಗಿ ಅತ್ತಿತು. ನರ್ಸ್ ದಿನವೂ ಹೋಗಿ ಬಂದರು. ನಾಲ್ಕನೆಯ ದಿನ ಥಂಡಿಗೆ ಕೂಸಿನ ಮೈ ತಣ್ಣಗಾಗತೊಡಗಿತ್ತು; ಆಗ ಕರಿಯಮ್ಮ ಅದನ್ನು ನರ್ಸಿನ ಕೈಗಿಟ್ಟಳು. ಶಿರಾ ಆಸ್ಪತ್ರೆಯ ದಾರಿಯಲ್ಲಿ, ನರ್ಸಿನ ಮಡಿಲಲ್ಲೇ ಅದು ಉಸಿರು ಬಿಟ್ಟಿತು.

ಆ ವರ್ಷದ ಕೊನೆಗೆ ‘ಜನರ ಅಸಹಕಾರ’ ಎಂಬ ಕಾರಣ ಬರೆದು ಯೋಜನೆಯನ್ನು ಕೈಬಿಟ್ಟರು. ಉಳಿದ ಮೂರು ತಾಲ್ಲೂಕುಗಳಲ್ಲಿ ಅದು ಶುರುವಾಗಲೇ ಇಲ್ಲ. ಮತ್ತೆ ಹಟ್ಟಿಗೆ ಹೋದಾಗ ಕೋಣೆಯಲ್ಲಿ ಕುರಿಯ ಉಣ್ಣೆ ತುಂಬಿದ್ದರು. ಚಿತ್ತಜ್ಜಿ ಬೈಯಲಿಲ್ಲ. “ನಮ್ಮನ್ನ ಕೇಳ್ದೋರು ನೀವೊಬ್ರೇ. ಯಾಕಾದ್ರೂ ಕೇಳಿದ್ರಿ?” ಎಂದಳು.

1983ರಲ್ಲಿ ಪಾವಗಡಕ್ಕೆ ವರ್ಗವಾಯಿತು. ಇನ್ನೊಂದು ಯೋಜನೆಯ ಚರ್ಚೆಗೆ ಅಲ್ಲಿನ ಒಂದು ಹಟ್ಟಿಯ ಹೆಂಗಸರ ಜೊತೆ ಮರದ ಕೆಳಗೆ ಕುಳಿತಾಗ, ಮಾತು ಶುರುಮಾಡುವ ಮೊದಲೇ ಹೇಳಿದೆ: “ಕೊನೆಯ ತೀರ್ಮಾನ ನನ್ನದಲ್ಲ.”

ಒಬ್ಬ ಹೆಂಗಸು ಥಟ್ಟನೆ ಎಂದಳು: “ಅಂಗಾರೆ ತೀರ್ಮಾನ ಮಾಡೋರ್ನೇ ಕರ್ಕೊಂಡ್ ಬಾರಣ್ಣ. ಈ ಮರದ ಕೆಳಗೇ ಕುಂತ್ಕಳ್ಳಿ.”

ಜನರ ಜೊತೆ ಸೇರಿ ಯೋಜನೆ ಮಾಡುವುದೆಂದರೆ ಏನೆಂಬುದನ್ನು ಇಡೀ ನೌಕರಿಯಲ್ಲಿ ಯಾರೂ ನನಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಿಲ್ಲ. ಎರಡು ಸಲ ಬರೆದು ಕರೆದೆ. ಮೇಲಿನವರು ಬರಲಿಲ್ಲ.