ಕಡ್ಡಿ ಅಕ್ಕ ಪಾಸ್ ಮಾಡಿದ ಕಪ್‌ಗಳು

ಹನ್ನೆರಡು ವರ್ಷ ನಾನು ಆಕೆಯನ್ನು ಮನಸಾರೆ ಬೈದುಕೊಂಡೇ ಕೆಲಸ ಮಾಡಿದವಳು. ಈಗ ಆಕೆಯ ವಿಷಯ ಹೇಳಹೊರಟಿದ್ದೇನೆಂದು ನನ್ನನ್ನು ಒಳ್ಳೆಯವಳೆಂದುಕೊಳ್ಳಬೇಡಿ. ಹೇಳದಿದ್ದರೆ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಇಳಿಯುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನಮ್ಮದು ಪಿಂಗಾಣಿ ಕಪ್ ಕಾರ್ಖಾನೆ. ಪ್ಯಾಕಿಂಗ್ ವಿಭಾಗ ನನ್ನ ಕೈಯಲ್ಲಿದೆ, ಕೆಳಗೆ ನಲವತ್ತು ಹೆಂಗಸರು. ಇಲ್ಲಿ ಬೇಯುವ ಕಪ್‌ಗಳೆಲ್ಲ ಹಡಗು ಹತ್ತಿ ಕಡಲಾಚೆ ಹೋಗುತ್ತವೆ. ಕೊಳ್ಳುವವರು ನಮ್ಮ ಮುಖ ನೋಡಿಲ್ಲ, ನಾವು ಅವರ ಮುಖ ನೋಡಿಲ್ಲ. ಹಾಗಾಗಿ ಸರಕು ಹೊರಡುವ ಮೊದಲು ಪರೀಕ್ಷಿಸಲು, ನಮ್ಮ ಕಡೆಯದೂ ಅಲ್ಲದ ಅವರ ಕಡೆಯದೂ ಅಲ್ಲದ ಮೂರನೆಯ ಕಂಪನಿಯೊಂದರಿಂದ ಒಬ್ಬರು ಬರುತ್ತಾರೆ. ಅವರು ಸಹಿ ಹಾಕಿದರೆ ಮಾತ್ರ ಲಾರಿ ಗೇಟು ದಾಟುತ್ತದೆ. ಹಾಗೆ ಬರುತ್ತಿದ್ದವಳೇ ಈ ಕಡ್ಡಿ ಅಕ್ಕ.

ಹೆಸರಿಟ್ಟವಳು ನಾನೇ. ಆಕೆಯ ಚೀಲದಲ್ಲಿ ಗೇಣುದ್ದದ ಒಂದು ಮರದ ಕಡ್ಡಿ ಇರುತ್ತಿತ್ತು. ಕಪ್ಪನ್ನು ಅಂಗೈ ಮೇಲಿಟ್ಟು ಅಂಚಿಗೆ ಕಡ್ಡಿಯಿಂದ ತಟ್ಟುತ್ತಿದ್ದಳು. ಗಟ್ಟಿ ಕಪ್ ಟಿಣ್ಣೆಂದು ತುಸು ಹೊತ್ತು ಹಾಡುತ್ತದೆ. ಒಳಗೆ ಕೂದಲೆಳೆಯ ಬಿರುಕಿದ್ದರೆ ಟಕ್ಕೆಂದು ಅಲ್ಲೇ ಸಾಯುತ್ತದೆ. ಎಂಥ ದೀಪ ಹಿಡಿದರೂ ಆ ಬಿರುಕು ಕಣ್ಣಿಗೆ ಬೀಳದು, ಅದು ಕಿವಿಗೆ ಮಾತ್ರ ಸಿಗುವ ದೋಷ.

ಪೆಟ್ಟಿಗೆಗಳನ್ನು ಆರಿಸುವವಳೂ ಆಕೆಯೇ. ಯಾವಾಗಲೂ ಹಿಂದಿನ ಸಾಲಿನ, ತಳದ ಪೆಟ್ಟಿಗೆಯೇ ಬೇಕು. ಅದನ್ನು ಎಳೆಯಲು ಇಡೀ ರಾಶಿ ಇಳಿಸಿ ನಮ್ಮ ಹೆಂಗಸರ ಸೊಂಟ ಬಿದ್ದುಹೋಗುತ್ತಿತ್ತು. ನಮ್ಮ ಚಹಾ ಕುಡಿಯುತ್ತಿರಲಿಲ್ಲ, ಫ್ಲಾಸ್ಕ್ ತರುತ್ತಿದ್ದಳು. ಪ್ರತಿ ಸರಕಿನಿಂದ ಒಂದು ಕಪ್ಪನ್ನು ಲೆಕ್ಕದ ಪುಸ್ತಕದಲ್ಲಿ ಬರೆಸಿ ಮನೆಗೆ ಒಯ್ಯುತ್ತಿದ್ದಳು. ಆಕೆಯ ಗಂಡ ದರ್ಜಿ, ಅವನು ವಾರವಿಡೀ ಅದರಲ್ಲೇ ಚಹಾ ಕುಡಿಯಬೇಕು. ಇದು ಯಾವ ನಿಯಮದಲ್ಲೂ ಇಲ್ಲದ, ಆಕೆಯದೇ ಕೊನೆಯ ಪರೀಕ್ಷೆ.

"ಇಷ್ಟು ಸಣ್ಣ ಬಿರುಕಿಗೆ ಯಾರು ಸಾಯ್ತಾರೆ ಅಕ್ಕ?" ಎಂದು ಒಮ್ಮೆ ರೇಗಿದ್ದೆ.

"ಯಾರೂ ಸಾಯಲ್ಲ. ಯಾರದೋ ಮಗು ತೊಡೆ ಮೇಲೆ ಕುದಿಯೋ ಚಹಾ ಬೀಳುತ್ತೆ, ಅಷ್ಟೆ," ಎಂದಳು. ಮಾತು ಯಾವಾಗಲೂ ಹಾಗೇ, ಕಡ್ಡಿ ಮುರಿದ ಹಾಗೆ.

ಹೋದ ವರ್ಷದಿಂದ ಹೊಸದೊಂದು ಶುರು ಹಚ್ಚಿಕೊಂಡಳು. "ಎದುರಿಗೆ ಕೂತು ಕಪ್ಪಿನ ತಟ್ಟೆ ಹಿಡ್ಕೋ," ಎಂದು ನನ್ನನ್ನೇ ಕೂರಿಸಿಕೊಳ್ಳುವುದು. ತಟ್ಟುವಾಗ ಕಪ್ಪನ್ನು ನೋಡದೆ ನನ್ನನ್ನು ನೋಡುವುದು. ಕಳ್ಳಿಯನ್ನು ಕಾಯುವ ಹಾಗೆ ಕಾಯುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಧೂಳಿನ ದೆಸೆಯಿಂದ ಕೆಲಸದವರೆಲ್ಲ ಮಾಸ್ಕ್, ದೊಡ್ಡ ಕನ್ನಡಕ ಹಾಕಬೇಕೆಂದು ನಿಯಮ ಬಂತು. ಅದೇ ವಾರ ಹಡಗಿನ ದಿನ ಹತ್ತಿರವಾಯಿತೆಂದು ಮ್ಯಾನೇಜರ್ ಕಪ್ ಸುಡುವ ಭಟ್ಟಿಯನ್ನು ಅರ್ಧ ದಿನ ಮೊದಲೇ ತೆರೆಸಿದ. ಸುಡುವ ಕಪ್ಪಿಗೆ ತಣ್ಣನೆ ಗಾಳಿ ಬಡಿದರೆ ಒಳಗೇ ಬಿರುಕು ಬಿಡುತ್ತದೆಂದು ನಮಗೆಲ್ಲ ಗೊತ್ತು. ಆಗಲಿ, ಕಡ್ಡಿ ಅಕ್ಕ ಹಿಡಿದೇ ಹಿಡಿಯುತ್ತಾಳೆ, ಮ್ಯಾನೇಜರನಿಗೆ ಬುದ್ಧಿ ಬರಲಿ ಎಂದು ತಟ್ಟೆ ಹಿಡಿದು ಕೂತೆ.

ಮೊದಲ ಹತ್ತರಲ್ಲಿ ಮೂರು ಟಕ್ಕೆಂದವು. ಆಕೆ ಮುಸುಕಿದ ನನ್ನ ಮುಖವನ್ನೇ ದಿಟ್ಟಿಸಿ, ಮೂರಕ್ಕೂ ಸರಿ ಎಂದು ಗುರುತು ಹಾಕಿದಳು. ಕೊನೆಯವರೆಗೂ ಹಾಗೆಯೇ ನಡೆಯಿತು. ಪಾಸ್ ಎಂದು ಬರೆದು ಸಹಿ ಮಾಡಿ ಬಸ್ಸಿಗೆ ಹೋದಳು.

ಕೊನೆಗೂ ಈಕೆಯನ್ನೂ ಕೊಂಡುಕೊಂಡರು ಎಂದುಕೊಂಡೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಬೈಯುವುದಕ್ಕಾದರೂ ನೆಟ್ಟಗಿನವಳೊಬ್ಬಳು ಇದ್ದಳಲ್ಲ ಎಂದು ಸಂಕಟವಾಯಿತು. ಆದರೂ ತುಟಿ ಬಿಚ್ಚಲಿಲ್ಲ. ಪಾಸಾದರೆ ನನ್ನ ಹೆಂಗಸರು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆ, ನನಗೇನು ಎಂದು ಸುಮ್ಮನಾದೆ.

ಮೂರನೆಯ ದಿನ ಬೆಳಿಗ್ಗೆ ಲಾರಿಗೆ ಅರ್ಧ ತುಂಬಿದ್ದೆವು. ಆಕೆ ಬಂದಳು. ಬಟ್ಟೆಯಲ್ಲಿ ಸುತ್ತಿದ ಕಪ್ಪನ್ನು ಮ್ಯಾನೇಜರನ ಮುಂದಿಟ್ಟಳು.

"ನಮ್ಮನೆಯವರು ಚಹಾ ಹಾಕ್ಕೊಂಡ್ರು, ತಟ್ಟೆಗೆಲ್ಲ ಸೋರ್ತು. ಲಾರಿ ನಿಲ್ಲಿಸಿ."

"ಒಂದು ಕಪ್ ಸೋರಿದ್ದಕ್ಕೆ ಲಾರಿ ನಿಲ್ಲಿಸೋಕಾಗುತ್ತಾ ಮೇಡಂ? ಪಾಸ್ ಅಂತ ನಿಮ್ಮದೇ ಸಹಿ ಇದೆ."

"ಮತ್ತೆ ನೋಡ್ತೀನಿ. ನಿಮ್ಮೆದುರಿಗೇ."

ಬೇಡವೆನ್ನಲು ಅವನಿಗೆ ಅಧಿಕಾರವಿಲ್ಲ. ಲಾರಿಯಿಂದ ಪೆಟ್ಟಿಗೆಗಳು ಇಳಿದವು. ಆಕೆ ನನ್ನನ್ನು ಕರೆದು ಎದುರಿಗೆ ಕೂರಿಸಿದಳು.

"ಮಾಸ್ಕ್ ತೆಗಿ. ಕನ್ನಡಕಾನೂ ತೆಗಿ."

ತೆಗೆದೆ. ಆಕೆ ತಟ್ಟಿದಳು. ಟಕ್. ಆಕೆಯ ಕಣ್ಣು ಕಪ್ಪಿನ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಆಗ ನನಗೆ ಗೊತ್ತಾಯಿತು. ಆಕೆ ಯಾರಿಗೂ ಮಾರಿಕೊಂಡಿರಲಿಲ್ಲ. ಆಕೆಗೆ ಆ ಸದ್ದೇ ಕೇಳಿಸುತ್ತಿರಲಿಲ್ಲ. ವರ್ಷದಿಂದ ನನ್ನ ಮುಖ ಮುದುಡಿದಾಗಲೆಲ್ಲ ಒಡಕು ಎಂದು ಬರೆದುಕೊಂಡು ಬಂದಿದ್ದಳು.

ಆಕೆಯ ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್ ನನ್ನನ್ನೇ ನೋಡುತ್ತ ಬೇಡವೆಂದು ತಲೆಯಾಡಿಸಿದ. ಆ ತಲೆಯಾಟದ ಅರ್ಥ ನನಗೆ ಗೊತ್ತು. ಸರಕು ವಾಪಸಾದರೆ ಎರಡೂವರೆ ಸಾವಿರ ಪೆಟ್ಟಿಗೆ ಬಿಚ್ಚಬೇಕು, ಮತ್ತೆ ಕಟ್ಟಬೇಕು, ನನ್ನ ಜಾಗಕ್ಕೆ ಬೇರೆಯವಳು ಬರಬಹುದು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಮುಖವನ್ನು ಗೋಡೆ ಮಾಡಿಕೊಂಡು ಕೂತರೆ ಸಾಕಿತ್ತು.

ಕೂತೆ. ಎರಡನೆಯದು ಟಿಣ್ಣೆಂದಿತು, ಮೂರನೆಯದು ಮತ್ತೆ ಟಕ್ಕೆಂದಿತು. ನಾನು ಅಲುಗಲಿಲ್ಲ. ಆಕೆ ಅದೇ ಕಪ್ಪನ್ನು ಮತ್ತೊಮ್ಮೆ ತಟ್ಟಿ ನನ್ನತ್ತ ಬಗ್ಗಿದಳು. ಆಕೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಾಯಲ್ಲೇ ಹೇಳೇ," ಎಂದಳು ಮೆಲ್ಲಗೆ. "ಮುಖ ಬಿಗಿ ಹಿಡಿದಿದ್ದೀಯ. ಅದೂ ಕಾಣುತ್ತೆ ನನಗೆ."

"ಅವಳನ್ನ ಯಾಕೆ ಕೇಳ್ತೀರಿ ಮೇಡಂ, ನಿಮಗೇ ಕೇಳಿಸಲ್ವಾ?" ಎಂದ ಮ್ಯಾನೇಜರ್ ಹಿಂದಿನಿಂದ.

ಆಕೆ ತಿರುಗಲಿಲ್ಲ. ಅವನು ಮಾತಾಡಿದ್ದೇ ಆಕೆಗೆ ತಿಳಿಯಲಿಲ್ಲ. ಕಡೆಗೆ ನಾನೇ, ತುಟಿ ಕಾಣುವಂತೆ ಹೇಳಿದೆ, "ನಿಮಗೆ ಕೇಳಿಸಲ್ವಾ ಅಂತ ಕೇಳ್ತಿದ್ದಾರೆ ಅಕ್ಕ."

ಕಡ್ಡಿಯನ್ನು ಮೇಜಿನ ಮೇಲಿಟ್ಟು ಆಕೆ ಅವನ ಕಡೆ ತಿರುಗಿದಳು. "ಇಲ್ಲ. ಒಂದು ವರ್ಷ ಆಯ್ತು, ಕಿವಿ ಹೋಗಿ. ಇವಳ ಮುಖ ನೋಡಿ ಬರೀತಿದ್ದೆ."

ಆಕೆಯ ಇಪ್ಪತ್ತಾರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ತನ್ನ ಬಾಯಿಂದಲೇ ಮುಗಿಸಿಕೊಂಡಳು. ಮತ್ತೆ ಕಡ್ಡಿ ಎತ್ತಿಕೊಂಡಳು.

"ಮೂರನೇದು ಒಡಕು ಅಕ್ಕ," ಎಂದೆ. "ಮೊದಲನೇದೂ ಒಡಕೇ." ಮುಂದಿನ ಪ್ರತಿಯೊಂದಕ್ಕೂ ಬಾಯಿಬಿಟ್ಟು ಹೇಳಿದೆ. ಐವತ್ತರಲ್ಲಿ ಹದಿನೇಳು ಒಡಕು. ಲಾರಿ ಖಾಲಿಯಾಯಿತು.

ವರದಿಯಲ್ಲಿ 'ತಪ್ಪಿಗೆ ಕಾರಣ' ಎಂದೊಂದು ಕಾಲಂ ಇದೆ. ಹನ್ನೆರಡು ವರ್ಷ ಅದರಲ್ಲಿ ನಮ್ಮ ತಪ್ಪುಗಳನ್ನೇ ಬರೆದಿದ್ದಳು. ಆ ದಿನ ಎರಡು ಸಾಲು ಬರೆದಳು. ಭಟ್ಟಿಯನ್ನು ಅವಧಿಗೆ ಮೊದಲೇ ತೆರೆಯಲಾಗಿದೆ. ತಪಾಸಣೆ ಮಾಡಿದವಳಿಗೆ ಕಿವಿ ಕೇಳಿಸುವುದಿಲ್ಲ.

"ಇಷ್ಟು ಜನರಲ್ಲಿ ನನ್ನ ಮುಖಾನೇ ಯಾಕೆ ನಂಬಿದ್ರಿ?" ಎಂದು ಕೇಳಿದೆ.

"ನಿನ್ನ ಬಾಯಿ ಬರೀ ಸುಳ್ಳು. ಮುಖಕ್ಕೆ ಅದು ಬರಲ್ಲ, ಪಾಪ," ಎಂದು ನಕ್ಕು, ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡು ಗೇಟಿನತ್ತ ನಡೆದಳು.

ಆ ಕಾಲಂನಲ್ಲಿ ಮೂರನೆಯ ಸಾಲೊಂದು ಇರಬೇಕಿತ್ತು. ನಾನು ಹಿಂದೆಯೇ ಓಡಿದೆ. "ಅಕ್ಕ, ಅವತ್ತೇ ನನಗೆ ಕೇಳಿಸಿತ್ತು, ಸುಮ್ಮನಿದ್ದುಬಿಟ್ಟೆ," ಎಂದು ಆಕೆಯ ಬೆನ್ನಿಗೆ ಹೇಳಿದೆ. ಆಕೆ ನಡೆಯುತ್ತಲೇ ಇದ್ದಳು. ಆಕೆಗೆ ತಿಳಿಯಬೇಕಾದರೆ ನಾನು ಮುಂದೆ ಹೋಗಿ, ಎದುರಿಗೆ ನಿಂತು, ಮುಖ ತೋರಿಸಿ ಹೇಳಬೇಕಿತ್ತು. ನಾನು ಹೋಗಲಿಲ್ಲ.